ಇಲಿ ಜ್ವರಕ್ಕೆ ಆ್ಯಂಟಿಬಯೋಟಿಕ್ ಕೊಟ್ಟರು, ಡೆಂಗಿಗೆ ಯಾಕಿಲ್ಲ?

ಬ್ರಹ್ಮಾವರದ ಸದಸ್ಯೆ: ಮೇಡಂ, ನೇಜಿ ನೆಟ್ಟು ಬಂದ ಮೇಲೆ ನಮ್ಮ ಮನೆಯವರಿಗೆ ಇಲಿ ಜ್ವರ ಬಂತು. ಡಾಕ್ಟ್ರು ಡಾಕ್ಸಿಸೈಕ್ಲಿನ್ ಕೊಟ್ಟರು, ಗುಣ ಆಯಿತು. ಈಗ ಮಗಳಿಗೆ ಡೆಂಗಿ. ಅವಳಿಗೆ ಪ್ಯಾರಾಸಿಟಮಾಲ್ ಬಿಟ್ಟರೆ ಎಂತ ಮದ್ದೂ ಇಲ್ಲ, ನೀರು ಜಾಸ್ತಿ ಕುಡಿಸಿ ಅಂತಾರೆ. ಎರಡೂ ಜ್ವರವೇ ಅಲ್ವಾ? ಇವರ ಮಾತ್ರೆ ಸ್ವಲ್ಪ ಉಳಿದಿದೆ, ಅವಳಿಗೆ ಕೊಡಬಹುದಾ?

ಮೈಕ್ರೋಬಯಾಲಜಿ ಮೇಡಂ: ಬೇಡ ಮಾರಾಯ್ರೆ, ಕೊಡಬೇಡಿ. ಡಾಕ್ಟ್ರು ಉದಾಸೀನ ಮಾಡಿದ್ದಲ್ಲ. ಆ ಮಾತ್ರೆಗೆ ಡೆಂಗಿಯಲ್ಲಿ ಮಾಡಲಿಕ್ಕೆ ಕೆಲಸವೇ ಇಲ್ಲ.

ಇಲಿ ಜ್ವರ ತರುವುದು ಲೆಪ್ಟೊಸ್ಪೈರಾ ಅನ್ನುವ ಬ್ಯಾಕ್ಟೀರಿಯಾ. ಸುರುಳಿಯಾಗಿ, ತುಂಬ ತೆಳ್ಳಗೆ ಇರುತ್ತದೆ. ಇಲಿಯ ಮೂತ್ರಪಿಂಡದಲ್ಲಿ ಇದ್ದು, ಮೂತ್ರದ ಜೊತೆ ಗದ್ದೆಯ ನೀರಿಗೆ ಬರುತ್ತದೆ. ಕಾಲಿನ ಗಾಯದಿಂದ ಒಳಗೆ ಹೋಗುತ್ತದೆ. ಅದು ಒಂದೇ ಕೋಶದ ಜೀವಿ, ಆದರೆ ಸ್ವಂತ ಸಂಸಾರ ಇರುವ ಜೀವಿ. ಆಹಾರ ತೆಗೆದುಕೊಳ್ಳುತ್ತದೆ, ಬೆಳೆಯುತ್ತದೆ, ಎರಡಾಗಿ ಸೀಳುತ್ತದೆ. ಪ್ರೋಟೀನ್ ತಯಾರಿಸಲು ಅದರ ಹತ್ತಿರವೇ ರೈಬೋಸೋಮ್ ಉಂಟು. ಡಾಕ್ಸಿಸೈಕ್ಲಿನ್ ಹೋಗಿ ಅಂಟಿಕೊಳ್ಳುವುದು ಆ ರೈಬೋಸೋಮಿಗೆ. ಪ್ರೋಟೀನ್ ಕೆಲಸ ನಿಂತಿತು, ಬ್ಯಾಕ್ಟೀರಿಯಾ ಬೆಳೆಯುವುದೂ ನಿಂತಿತು. ನಮ್ಮ ಕೋಶಗಳಲ್ಲೂ ರೈಬೋಸೋಮ್ ಇದೆ, ಆದರೆ ಅದರ ರಚನೆ ಬೇರೆ. ಹಾಗಾಗಿ ಜ್ವರ ಬಂದವರಿಗೆ ಹೆಚ್ಚು ತೊಂದರೆ ಆಗುವುದಿಲ್ಲ.

ಡೆಂಗಿ ವೈರಸ್ ಹತ್ತಿರ ಇದ್ಯಾವುದೂ ಇಲ್ಲ. ತನ್ನ ನಕಲು ಮಾಡುವ ಸೂಚನೆ ಹೊತ್ತ ಒಂದು ಎಳೆ ಆರ್‌ಎನ್‌ಎ, ಅದರ ಸುತ್ತ ಪ್ರೋಟೀನ್ ಮತ್ತು ಕೊಬ್ಬಿನ ಹೊದಿಕೆ, ಅಷ್ಟೇ. ಉಣ್ಣುವುದಿಲ್ಲ, ಉಸಿರಾಡುವುದಿಲ್ಲ, ತಾನಾಗಿ ಎರಡಾಗುವುದೂ ಇಲ್ಲ. ಭತ್ತ ಇದ್ದು ಮಿಲ್ಲು ಇಲ್ಲದವರ ಹಾಗೆ ಅದರ ಪರಿಸ್ಥಿತಿ. ನಮ್ಮ ಕೋಶದೊಳಗೆ ನುಗ್ಗಿ ನಮ್ಮ ರೈಬೋಸೋಮಿನಲ್ಲೇ ತನ್ನ ಪ್ರೋಟೀನ್ ಮಾಡಿಸಿಕೊಳ್ಳುತ್ತದೆ. ಡಾಕ್ಸಿಸೈಕ್ಲಿನ್ ಹುಡುಕುವ ಬ್ಯಾಕ್ಟೀರಿಯಾದ ರೈಬೋಸೋಮ್ ಅಲ್ಲಿ ಇಲ್ಲವೇ ಇಲ್ಲ. ಪೆನ್ಸಿಲಿನ್ ಕೊಟ್ಟರೂ ಅಷ್ಟೇ. ಅದು ಕೆಡಿಸುವುದು ಬ್ಯಾಕ್ಟೀರಿಯಾದ ಹೊರಗೋಡೆಯನ್ನು. ವೈರಸ್‌ಗೆ ಆ ಗೋಡೆಯೇ ಇಲ್ಲ.

ಗಾತ್ರದಲ್ಲೂ ಸಾಮ್ಯ ಇಲ್ಲ. ಲೆಪ್ಟೊಸ್ಪೈರಾವನ್ನು ಉದ್ದಕ್ಕೆ ಸಾಲಾಗಿ ಇಟ್ಟರೆ ಒಂದು ಮಿಲಿಮೀಟರಿನಲ್ಲಿ ಸುಮಾರು 100 ಹಿಡಿಯಬಹುದು. ಡೆಂಗಿ ವೈರಸ್ ಆದರೆ ಸುಮಾರು 20,000.

ಮಗಳ ವಿಷಯಕ್ಕೆ ಬರುತ್ತೇನೆ. ಬ್ರೂಫೆನ್, ಆಸ್ಪಿರಿನ್ ಕೊಡಬೇಡಿ, ರಕ್ತಸ್ರಾವ ಹೆಚ್ಚಾಗಬಹುದು. ಜ್ವರ ಇಳಿಯಿತು ಅಂತ ನಿಶ್ಚಿಂತೆ ಬೇಡ. ಡೆಂಗಿಯಲ್ಲಿ ಜ್ವರ ಇಳಿಯುವ ಹೊತ್ತಿನ ಒಂದೆರಡು ದಿನವೇ ಅಪಾಯದ್ದು. ಹೊಟ್ಟೆನೋವು, ಪದೇ ಪದೇ ವಾಂತಿ, ಒಸಡಿನಲ್ಲಿ ರಕ್ತ, ಕೈಕಾಲು ತಣ್ಣಗೆ, ಇದರಲ್ಲಿ ಯಾವುದು ಕಂಡರೂ ಕೂಡಲೇ ಆಸ್ಪತ್ರೆಗೆ ಹೊರಡಿ. ಮತ್ತೆ, ಇವರ ಮಾತ್ರೆ ಉಳಿದದ್ದು ಹೇಗೆ? ಪೂರ್ತಿ ತೆಗೆದುಕೊಂಡರೋ ಇಲ್ಲವೋ ಡಾಕ್ಟ್ರ ಹತ್ತಿರ ಒಮ್ಮೆ ಹೇಳಿ.

ಸುರತ್ಕಲ್‌ನಿಂದ ಒಬ್ಬರು: ಹಾಗಾದ್ರೆ ವೈರಸ್‌ಗೆ ಮದ್ದೇ ಇಲ್ವಾ ಮೇಡಂ? ನಮ್ಮ ಪಕ್ಕದ ಮನೆಯವರಿಗೆ ವೈರಲ್ ಜ್ವರ ಅಂತ ಹೇಳಿಯೂ ಆ್ಯಂಟಿಬಯೋಟಿಕ್ ಬರೆದಿದ್ದರು.

ಮೈಕ್ರೋಬಯಾಲಜಿ ಮೇಡಂ: ಕೆಲವಕ್ಕೆ ಉಂಟು. ಎಚ್‌ಐವಿ, ಹೆಪಟೈಟಿಸ್ ಸಿ, ಹರ್ಪಿಸ್, ಫ್ಲೂ ಇವಕ್ಕೆಲ್ಲ ಮದ್ದು ಇದೆ. ಆಯಾ ವೈರಸ್ ತನ್ನದೇ ಆದ ಒಂದೆರಡು ಕಿಣ್ವ (ರಾಸಾಯನಿಕ ಕೆಲಸ ಮಾಡಿಸುವ ಪ್ರೋಟೀನ್) ಇಟ್ಟುಕೊಂಡಿರುತ್ತದೆ, ಮದ್ದು ಅದನ್ನೇ ಹಿಡಿಯುತ್ತದೆ. ಹಾಗಾಗಿ ಒಂದರ ಮದ್ದು ಇನ್ನೊಂದಕ್ಕೆ ಸಾಮಾನ್ಯವಾಗಿ ಆಗಿಬರುವುದಿಲ್ಲ.

ನೆರೆಮನೆಯವರ ಚೀಟಿ ನೋಡದೆ ನಾನು ಏನೂ ಹೇಳುವುದಿಲ್ಲ. ಆದರೆ ನಮ್ಮ ಕರಾವಳಿಯ ಮಳೆಗಾಲದಲ್ಲಿ ಒಂದು ಫಜೀತಿ ಇದೆ. ಇಲಿ ಜ್ವರದ ರಕ್ತಪರೀಕ್ಷೆಯಲ್ಲಿ ನಾವು ಸಾಮಾನ್ಯವಾಗಿ ನೋಡುವುದು ರೋಗಾಣು ವಿರುದ್ಧ ಹೋರಾಡಲು ದೇಹ ತಯಾರಿಸಿದ ಪ್ರತಿಕಾಯವನ್ನು. ಅದು ಕಾಣಿಸಿಕೊಳ್ಳಲು ಸುಮಾರು 5ರಿಂದ 7 ದಿನ ಬೇಕು. ಎರಡನೇ ದಿನದ ರಿಪೋರ್ಟು ನೆಗೆಟಿವ್ ಬಂದರೆ ಅದನ್ನು ನಂಬಿ ಕೂರುವ ಹಾಗಿಲ್ಲ. ಗದ್ದೆ, ತೋಟ, ಚರಂಡಿ ಕೆಲಸದವರಿಗೆ ಅನುಮಾನದ ಮೇಲೆಯೇ ಮದ್ದು ಶುರು ಮಾಡುತ್ತಾರೆ. ಅದು ಸರಿ. ಬರೀ ಶೀತ, ಮೂಗು ಸೋರುವುದಕ್ಕೆ ಮೆಡಿಕಲ್‌ನಲ್ಲಿ ಕೇಳಿ ತಂದು ನುಂಗುವುದು ಇದೆಯಲ್ಲ, ಅದು ತಪ್ಪು. ಹೊಟ್ಟೆಯೊಳಗಿನ ಒಳ್ಳೆಯ ಬ್ಯಾಕ್ಟೀರಿಯಾ ಸುಮ್ನೆ ಸಾಯುತ್ತವೆ. ಬದುಕಿ ಉಳಿದವು ಮದ್ದಿಗೆ ಬಗ್ಗದ ಜಾತಿ. ಕರುಳಿನಲ್ಲಿರುವ ಇ. ಕೋಲಿಯಂಥ ಬ್ಯಾಕ್ಟೀರಿಯಾ ಅನುಕೂಲ ಸಿಕ್ಕರೆ 20 ನಿಮಿಷಕ್ಕೊಮ್ಮೆ ಎರಡಾಗುತ್ತದೆ. ಆ ಲೆಕ್ಕದಲ್ಲಿ ಒಂದು ಇದ್ದದ್ದು 8 ಗಂಟೆಯಲ್ಲಿ ಒಂದೂವರೆ ಕೋಟಿ ದಾಟುತ್ತದೆ. ಮದ್ದು ತಡೆಯುವ ಜೀನನ್ನು ಪಕ್ಕದ ಬ್ಯಾಕ್ಟೀರಿಯಾಕ್ಕೂ ದಾಟಿಸುತ್ತದೆ.

ಮಂಗಳೂರಿನ ಸದಸ್ಯ: ಮಲೇರಿಯಾ ಯಾವುದರ ಲೆಕ್ಕ ಮೇಡಂ?

ಮೈಕ್ರೋಬಯಾಲಜಿ ಮೇಡಂ: ಎರಡೂ ಅಲ್ಲ. ಅದು ಪ್ಲಾಸ್ಮೋಡಿಯಂ ಅನ್ನುವ ಪರಾವಲಂಬಿ. ನಮ್ಮ ಕೋಶದ ಹಾಗೆ ಅದಕ್ಕೂ ಕೋಶಕೇಂದ್ರ ಉಂಟು. ಮಂಗಳೂರಿನಲ್ಲಿ ಹೆಚ್ಚಾಗಿ ಸಿಗುವ ವೈವಾಕ್ಸ್ ಜಾತಿ ಯಕೃತ್ತಿನಲ್ಲಿ ಮಲಗಿದ್ದು ತಿಂಗಳುಗಳ ಮೇಲೆ ಮತ್ತೆ ಏಳುತ್ತದೆ. ಜ್ವರ ಬಿಟ್ಟ ಮೇಲೂ 14 ದಿನ ಪ್ರೈಮಾಕ್ವಿನ್ ನುಂಗಿಸುವುದು ಅದಕ್ಕೇ.

ಕಾರ್ಕಳದ ಅಕ್ಕ: ಇಡ್ಲಿ ಹಿಟ್ಟು ಉಬ್ಬುವುದೂ ಬ್ಯಾಕ್ಟೀರಿಯಾದಿಂದಲೇ ಅಲ್ವಾ?

ಮೈಕ್ರೋಬಯಾಲಜಿ ಮೇಡಂ: ಹೌದಕ್ಕ. ಮುಖ್ಯವಾಗಿ ಲ್ಯೂಕೋನೋಸ್ಟಾಕ್ ಅಂತ ಒಂದು, ಉದ್ದಿನಬೇಳೆಯ ಜೊತೆಗೇ ಬರುತ್ತದೆ. ಹುಳಿಯೂ ಅದರದ್ದೇ, ಗ್ಯಾಸೂ ಅದರದ್ದೇ. ಶೇಂದಿ ಹಾಕಿ ಉಬ್ಬಿಸುವ ಅಕ್ಕಿ ಇಡ್ಲಿ, ಅಂದರೆ ಸನ್ನದಲ್ಲಿ ಮಾತ್ರ ಯೀಸ್ಟಿನ ಕೆಲಸ ಹೆಚ್ಚು, ಅದು ಶಿಲೀಂಧ್ರದ ಜಾತಿ.

ಬ್ರಹ್ಮಾವರದ ಸದಸ್ಯೆ: ತುಂಬ ಉಪಕಾರ ಮೇಡಂ. ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕಿದರೆ ಇಲಿ ಜ್ವರದ್ದು ಸಾಯುತ್ತದಾ?

ಮೈಕ್ರೋಬಯಾಲಜಿ ಮೇಡಂ: ಸರಿಯಾದ ಪ್ರಮಾಣದಲ್ಲಿ ಹಾಕಿದರೆ ಸಾಯುತ್ತದೆ. ಕುಡಿಯುವ ನೀರು ಕುದಿಸಿದರೂ ಆಯಿತು. ಗದ್ದೆಗೆ ಬ್ಲೀಚಿಂಗ್ ಹಾಕಲಿಕ್ಕೆ ಆಗುವುದಿಲ್ಲವಲ್ಲ, ಅಲ್ಲಿಗೆ ಗಂಬೂಟು. ಕಾಲಿನಲ್ಲಿ ಗಾಯ ಇದ್ದರೆ ಅದು ಒಣಗುವ ತನಕ ಕೆಸರಿಗೆ ಇಳಿಯಬೇಡಿ ಅಂತ ಮನೆಯವರಿಗೆ ಹೇಳಿ.