ಐದನೇ ತಿಂಗಳ ಸೀಮಂತ

ಮಂಗಳವಾರ ಕಟಿಂಗ್ ಶಾಪಿಗೆ ರಜ. ಅಂದರೆ ಲೋಕಣ್ಣ ದರ್ಶಿನಿಯ ಎದುರಿನ ಕಟ್ಟೆ ಮೇಲೆ ಬೈಟು ಕಾಫಿ ಹಿಡಿದು ಕೈಗೆ ಸಿಗುವ ದಿನ. ಕೂದಲು ಉದ್ದ ಬಿಡಲು ಹೊರಟಿದ್ದ ಚೇತು ತಲೆ ಕೆರೆದುಕೊಂಡು ಬಂದ. ಕಿವಿಗಳ ಮೇಲೆ ಎರಡು ರೆಕ್ಕೆ, ಕತ್ತಿನ ಹಿಂದೆ ಬಾತುಕೋಳಿ ಬಾಲ, ನೆತ್ತಿಯ ಸುಳಿಯಲ್ಲಿ ಎದ್ದು ನಿಂತ ಒಂದು ಕುಚ್ಚು.

"ಲೋಕಣ್ಣ, ನನ್ನ ಕೈಲಾಗಲ್ಲ. ನಾಳೆ ಬೋಣಿ ನಂದೇ. ಎಲ್ಲಾ ಇಳಿಸ್ಬಿಡು."

"ಎಷ್ಟು ತಿಂಗಳಾಯ್ತು?"

"ಐದು."

"ಅಯ್ಯೋ, ಸೀಮಂತಕ್ಕೆ ಹೇಳ್ಲೇ ಇಲ್ವಲ್ಲೋ," ಅಂದ ಮಾದೇವ.

"ನೀನು ನಗ್ತೀಯ, ಆದ್ರೆ ಸೀಮಂತ ಅಂದ್ರೇನೇ ಬೈತಲೆ," ಅಂದ ಲೋಕಣ್ಣ. "ಇವನಿಗೆ ಬೇಕಾಗಿರೋದೂ ಅದೇ. ಬೈತಲೆ ಒಂದು ಬೆರಳು ಪಕ್ಕಕ್ಕೆ ಸರಿಸು, ಆ ರೆಕ್ಕೆ ಅರ್ಧ ಮಡಚ್ಕೊಳ್ಳುತ್ತೆ. ಸುಳಿ ಹತ್ರದ ಕೂದಲಿಗೆ ಇನ್ನೂ ಭಾರ ಬಂದಿಲ್ಲ, ಅದಕ್ಕೇ ನಿಂತಿದೆ. ಒಂದು ಗೇಣಿನ ಅರ್ಧ ಆಗ್ಲಿ, ತಾನಾಗೇ ಮಲಗುತ್ತೆ. ನಿಂತಿದೆ ಅಂತ ಅದನ್ನೇ ಕತ್ತರಿಸಿದ್ಯೋ, ಇನ್ನೂ ನೆಟ್ಟಗೆ ನಿಲ್ಲುತ್ತೆ."

"ಹಿಂದೆ ಮಾತ್ರ ಯಾಕೆ ಇಷ್ಟು ಬೇಗ ಬೆಳೆದಿದೆ?"

"ಬೇಗ ಬೆಳೆದಿಲ್ಲ, ಹತ್ರ ಹುಟ್ಟಿದೆ ಅಷ್ಟೇ. ತಲೆಕೂದಲು ತಿಂಗಳಿಗೆ ಬೆಳೆಯೋದು ಹೆಚ್ಚುಕಮ್ಮಿ ಅರ್ಧ ಇಂಚು. ವರ್ಷಕ್ಕೆ 15 ಸೆಂ.ಮೀ. ಹಿಡ್ಕೋ. ನೆತ್ತಿ ಕೂದಲು ಹೆಗಲು ಮುಟ್ಟಬೇಕಾದ್ರೆ 35ರಿಂದ 40 ಸೆಂ.ಮೀ. ಬೇಕು, ಅಂದ್ರೆ ಎರಡೂವರೆ ವರ್ಷ. ಹಿಂಗತ್ತಿನ ಕೂದಲಿಗೆ ಕಾಲರ್ ಮುಟ್ಟೋಕೆ ನಾಲ್ಕು ತಿಂಗಳು ಸಾಕು. ಸ್ಟಾಪ್ ಎದುರಿಗೇ ಮನೆ ಇರೋನೂ ಮೆಜೆಸ್ಟಿಕ್‌ನಿಂದ ಬರೋನೂ ಒಟ್ಟಿಗೆ ಹೊರಟ್ರೆ ಯಾರು ಮೊದಲು ತಲುಪ್ತಾರೆ? ಅದಕ್ಕೇ ಕೂದಲು ಬಿಡೋನಿಗೂ ಕತ್ತರಿ ಬೇಕು. ಆದ್ರೆ ಹಿಂದೆ ಮಾತ್ರ. 6 ವಾರಕ್ಕೊಂದ್ಸಲ ಬಂದು ಕೂತ್ಕೋ, ಆ 6 ವಾರದಲ್ಲಿ ಬೆಳೆದಷ್ಟನ್ನ ತೆಗಿತೀನಿ, ಮುಕ್ಕಾಲು ಇಂಚಿಗಿಂತ ಕಮ್ಮಿ. ಮೇಲಿನದು ಬಂದು ಸೇರೋವರೆಗೂ ಕತ್ತು ಕಾಲರ್ ಮಟ್ಟದಲ್ಲೇ ಕಾಯ್ಲಿ."

"ಕಿವಿ ಮೇಲೆ?"

ಲೋಕಣ್ಣ ಲೋಟ ಕೆಳಗಿಟ್ಟ. ಇದು ಅವನಿಗೆ ಜೀವ ಹೋಗುವ ವಿಷಯ.

"ಕಿವಿ ಮೇಲೆ ಮಾತ್ರ ಮುಟ್ಟಿಸ್ಕೋಬೇಡ. ಕಣತಲೆ ಕೂದಲು ಕಿವಿ ಹಿಂದಕ್ಕೆ ಸಿಕ್ಕಿಸೋ ಹಂಗಾಗಬೇಕಾದ್ರೆ 12–13 ಸೆಂ.ಮೀ. ಬೇಕು, ಹತ್ತು ತಿಂಗಳ ಬೆಳೆ. ಐದನೇ ತಿಂಗಳಲ್ಲಿ ಯಾವನೋ 'ಸೈಡ್ ಕ್ಲೀನ್ ಮಾಡ್ಲಾ ಸಾರ್' ಅಂತಾನೆ, ನೀನು ಫೋನ್ ನೋಡ್ಕೊಂಡು ಹೂಂ ಅಂತೀಯ. ಮಿಷಿನ್‌ಗೆ ನಂಬರ್ 2 ಹಾಕಿ ಒಂದೆಳೆತ ಎಳೆದ್ರೆ ಉಳಿಯೋದು 6 ಮಿ.ಮೀ. ಮುಗೀತು, ಮತ್ತೆ ಒಂದನೇ ತಿಂಗಳು. ಮೇಲೆ ಉದ್ದ, ಪಕ್ಕದಲ್ಲಿ ಬೋಳು. ಅದೇ ಬೇಕು ಅನ್ನೋರಿಗೆ ಅಂಡರ್‌ಕಟ್ ಅಂತ ಬೇರೇನೇ ಇದೆ, ಜುಟ್ಟು ಕಟ್ಟಿದ್ರೆ ಚೆನ್ನಾಗೂ ಕಾಣುತ್ತೆ. ಆದ್ರೆ ಮುಂದೆ ಪೂರ್ತಿ ಬಿಡ್ತೀನಿ ಅಂತ ಮನಸ್ಸು ಬದಲಾದ ದಿನ ಆ ಪಕ್ಕ ಒಂದೂವರೆ ವರ್ಷ ನಿನ್ನ ಪ್ರಾಣ ತಿನ್ನುತ್ತೆ."

"ಹಂಗಾರ ನಂದು ನೋಡಪಾ," ಬಸು ಟೋಪಿ ತೆಗೆದ. ಗುಂಗುರು ಕೂದಲು ಉಸಿರು ಬಿಟ್ಟ ಹಾಗೆ ಎದ್ದಿತು. "ಎಲ್ಲಾರದೂ ಉದ್ದ ಬೆಳಿತೈತಿ, ನಂದು ಅಗಲ ಬೆಳಿತೈತಿ."

"ಗುಂಗುರಿನ ಹಣೆಬರಹವೇ ಅಷ್ಟು. ಎಲ್ಲಾ ಒಂದೇ ಉದ್ದಕ್ಕೆ ಬಿಟ್ರೆ ಮೇಲೆ ಚಪ್ಪಟೆ, ಕೆಳಗೆ ಹರಡಿ ಬಣವೆ ಥರ ಆಗುತ್ತೆ. ನಿನಗೆ ಲೇಯರ್ ಬೇಕು, ಮೇಲಿನದು ಗಿಡ್ಡ, ಒಳಗಿನದು ಉದ್ದ. ಅದೂ ಒಣಗಿದ ಕೂದಲಲ್ಲೇ ಕತ್ತರಿಸಬೇಕು. ಒದ್ದೆ ಕೂದಲು ಜಗ್ಗುತ್ತೆ, ಸುರುಳಿ ಬಿಚ್ಕೊಳ್ಳುತ್ತೆ. ಒದ್ದೆಯಲ್ಲಿ ಅಳೆದು ಕತ್ತರಿಸಿದ್ರೆ ಒಣಗಿದ ಮೇಲೆ ಅಂದ್ಕೊಂಡಿದ್ದಕ್ಕಿಂತ ಗಿಡ್ಡ ಆಗಿರುತ್ತೆ. ಆಮೇಲೆ ಬೈಸ್ಕೊಳ್ಳೋದು ನಾನು."

"ಹಲ್ಲಿನ ಕತ್ತರಿ ಹಾಕಿ ಸ್ವಲ್ಪ ತೆಳ್ಳಗ ಮಾಡ್ತಾರಲ್ಲ, ಅದು?"

"ಬೇಡಪ್ಪ. ಅದು ಅಲ್ಲಲ್ಲಿ ಒಂದೊಂದು ಎಳೆ ಗಿಡ್ಡ ಮಾಡುತ್ತೆ. ಅವತ್ತು ಹಗುರ ಅನ್ಸುತ್ತೆ. ಎರಡು ತಿಂಗಳಿಗೆ ಆ ಗಿಡ್ಡ ಎಳೆಗಳು ಬೆಳೆದು ಉದ್ದದ್ದನ್ನ ಒಳಗಿಂದ ತಳ್ಳುತ್ತೆ, ಮೇಲೆಲ್ಲಾ ತೆಂಗಿನ ನಾರು. ಬ್ಲೇಡಲ್ಲಿ ಸವರಿದ್ರೂ ಅಷ್ಟೇ, ತುದಿ ಓರೆಯಾಗಿ ಸಿಗಿದು ಬೇಗ ಸೀಳುತ್ತೆ. ಮಾದೇವನಂಥ ತೆಳು ಕೂದಲಿಗಂತೂ ಲೇಯರ್ರೂ ಬೇಡ, ಹಲ್ಲೂ ಬೇಡ. ಕೆಳಗೆ ಒಂದೇ ಗೆರೆ ಎಳೆದ್ರೆ ಇರೋದೇ ದಟ್ಟವಾಗಿ ಕಾಣುತ್ತೆ."

"ಇರೋದೇ ಅಂದ್ರೆ? ಅಂಥಾದ್ದೇನು ಕಮ್ಮಿ ಇದೆ?" ಮಾದೇವನಿಗೆ ಸ್ವಲ್ಪ ನಾಟಿತು. "ಕತ್ತರಿಸ್ತಾ ಇದ್ರೆ ದಟ್ಟವಾಗಿ, ಬೇಗ ಬೆಳೆಯುತ್ತೆ ಅಂತಾರಲ್ಲ."

"ನಮ್ಮ ವ್ಯಾಪಾರಕ್ಕೆ ಒಳ್ಳೇ ಮಾತು, ಅದಕ್ಕೇ ನಮ್ಮಲ್ಲಿ ಯಾರೂ ಇಲ್ಲ ಅನ್ನಲ್ಲ. ಬೆಳೆಯೋದು ಚರ್ಮದೊಳಗಿನ ಬೇರಲ್ಲಿ. ಹೊರಗೆ ನೇತಾಡೋದಕ್ಕೆ ಜೀವವೇ ಇಲ್ಲ. ತುದಿ ಕತ್ತರಿಸಿದ ಸುದ್ದೀನ ಬೇರಿಗೆ ಮುಟ್ಟಿಸೋರು ಯಾರು? ತುದಿ ತೆಗೆಯೋದು ಸೀಳಿಗೋಸ್ಕರ. ಸೀಳಿದ್ದನ್ನ ಬಿಟ್ರೆ ಬಿದಿರು ಸೀಳಿದ ಹಂಗೆ ಮೇಲೇರುತ್ತೆ, ನಡುವಲ್ಲೇ ಮುರಿಯುತ್ತೆ. ಲೆಕ್ಕ ನೋಡು. ಮೂರು ತಿಂಗಳಿಗೆ 1 ಸೆಂ.ಮೀ. ತೆಗೆದ್ರೆ ವರ್ಷಕ್ಕೆ 4 ಹೋಯ್ತು, 11 ಉಳೀತು. ಎರಡು ತಿಂಗಳಿಗೆ 2 ಸೆಂ.ಮೀ. ತೆಗೆಸ್ಕೊಂಡ್ರೆ 12 ಹೋಯ್ತು, ಉಳಿದಿದ್ದು 3. ಬಡ್ಡಿ ಕಟ್ತಾನೇ ಇದ್ದೀನಿ, ಅಸಲು ಯಾಕೆ ತೀರ್ತಿಲ್ಲ ಅಂತ ಅಳೋರೆಲ್ಲ ಇವರೇ."

"ಮನೇಲೇ ಮಾಡ್ಕೋಬಹುದಾ ಇದನ್ನ?" ಚೇತುವಿನ ಕೋಪ ಇಳಿದು ಜಿಪುಣತನ ಏರಿತ್ತು.

"ಮಾಡ್ಕೋ. ಬೆಳಗಿನ ಬಿಸಿಲಿಗೆ ಕಿಟಕಿ ಹತ್ರ ಕೂರು, ಹೆಗಲ ಮೇಲೆ ಬಿಳಿ ಟವೆಲ್. ಪೆನ್ಸಿಲ್ ದಪ್ಪದ ಒಂದು ಎಸಳು ತಗೊಂಡು ಮೆಲ್ಲಗೆ ಹುರಿ ಮಾಡು. ಸೀಳಿದ ತುದಿಗಳು ಹುರಿಯಿಂದ ಮುಳ್ಳಿನಂಗೆ ಹೊರಗೆ ಚಾಚುತ್ತೆ. ಸೀಳು ಎಲ್ಲಿ ಮುಗಿಯುತ್ತೋ ಅದಕ್ಕಿಂತ ಅರ್ಧ ಸೆಂ.ಮೀ. ಮೇಲೆ ಅಡ್ಡಕ್ಕೆ ಕತ್ತರಿಸು. ಕತ್ತರಿ ಮಾತ್ರ ಕೂದಲಿಗೇ ಇಟ್ಟಿರಬೇಕು. ಹಾಲಿನ ಪ್ಯಾಕೆಟ್ ಕತ್ತರಿಸೋ ಕತ್ತರಿ ಎಳೆಯನ್ನ ಕತ್ತರಿಸಲ್ಲ, ಜಜ್ಜುತ್ತೆ. ಜಜ್ಜಿದ ಕಡೆಯಿಂದಲೇ ಮುಂದಿನ ಸೀಳು."

"ಜುಟ್ಟು ಕಟ್ಟಿ ಅದರ ತುದಿ ಕಚಕ್ ಅನ್ಸಿದ್ರೆ ಸುಲಭ ಅಲ್ವಾ?"

"ಎಲ್ಲಿ ಕಟ್ತೀಯ ಅನ್ನೋದರ ಮೇಲಿದೆ. ಕತ್ತಿನ ಬುಡದಲ್ಲಿ ಕಟ್ಟಿ ಕತ್ತರಿಸಿದ್ರೆ ಮುಂದಿನ ಕೂದಲು ಉದ್ದ ಉಳಿಯುತ್ತೆ. ಅದು ಬ್ಯಾಂಡ್ ತನಕ ಬರೋಕೇ ದೂರ ನಡೆದಿರುತ್ತಲ್ಲ. ಹಣೆ ಮೇಲೆ ಕೊಂಬಿನಂಗೆ ಕಟ್ಟಿ ಕತ್ತರಿಸಿದ್ರೆ ಉಲ್ಟಾ, ಮುಂದೆ ಗಿಡ್ಡ, ಹಿಂದೆ ಉದ್ದ, ತಾನಾಗೇ ಲೇಯರ್. ಯಾವುದೇ ಆಗ್ಲಿ, ಅಂದ್ಕೊಂಡಿದ್ದರಲ್ಲಿ ಅರ್ಧ ಮಾತ್ರ ತೆಗಿ. ತಲೇಲಿರೋದನ್ನ ನಾಳೇನೂ ಕತ್ತರಿಸಬಹುದು, ನೆಲದ ಮೇಲಿರೋದನ್ನ ಅಂಟಿಸೋಕಾಗಲ್ಲ."

"ಇದಕ್ಕಿಂತ ಅಯ್ಯಪ್ಪ ಮಾಲೆ ಹಾಕೋದು ವಾಸಿ," ಅಂದ ಮಾದೇವ. "41 ದಿನ ಮನೇಲೂ ಕೇಳಲ್ಲ, ಆಫೀಸಲ್ಲೂ ಕೇಳಲ್ಲ."

"41 ದಿನಕ್ಕೆ ಒಂದೂವರೆ ಸೆಂ.ಮೀ., ಮೇಲೆ ಚಿಲ್ಲರೆ. ಉಳಿದ ಎರಡು ವರ್ಷಕ್ಕೆ ಯಾವ ಮಾಲೆ ಹಾಕ್ತೀಯ?"

ಎರಡನೇ ಸುತ್ತು ಕಾಫಿ ಬಂತು. ದುಡ್ಡು ಯಾರು ಕೊಡಬೇಕೆಂಬ ಮಾತು ಎಂದಿನಂತೆ ಯಾರೂ ಎತ್ತಲಿಲ್ಲ.

"ನೆತ್ತಿ ಮೇಲೆ ಗಂಟು ಹಾಕ್ತಾರಲ್ಲ, ನಂಗದು ಹಿಡಿಸುತ್ತೆ," ಅಂದ ಮಾದೇವ.

"ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು," ಬಸು ಗೊಣಗಿದ.

"ಹೂವು ಬೇಕಾದ್ರೆ ಮುಡ್ಕೊಳ್ಳಿ, ಬಿಗಿಯಾಗಿ ಮಾತ್ರ ಕಟ್ಟಬೇಡ. ದಿನಾ ಒಂದೇ ಕಡೆ ಎಳೆದು ಕಟ್ಟಿದ್ರೆ ಕಣತಲೆಯ ಬೇರು ಸೋಲುತ್ತೆ, ಅಲ್ಲಿಂದಲೇ ಹಣೆ ಹಿಂದಕ್ಕೆ ಹೋಗುತ್ತೆ. ವರ್ಷಗಟ್ಟಲೆ ಎಳೆದ್ರೆ ಮತ್ತೆ ಹುಟ್ಟೋದೂ ಇಲ್ಲ. ಕಟ್ಟಿದ ಮೇಲೆ ಹುಬ್ಬು ಎತ್ತಿ ನೋಡು. ಚರ್ಮ ಎಳೆದಂಗಾದ್ರೆ ಸಡಿಲ ಮಾಡು. ನೋಟಿನ ಕಂತೆಗೆ ಹಾಕೋ ರಬ್ಬರ್ ಬೇಡ, ಬಿಚ್ಚುವಾಗ ಹತ್ತು ಎಳೆ ಕಿತ್ಕೊಂಡೇ ಬರುತ್ತೆ. ಬಟ್ಟೆ ಸುತ್ತಿದ ಬ್ಯಾಂಡ್ ತಗೋ. ಹೆಲ್ಮೆಟ್ ಹಾಕೋದಾದ್ರೆ ಗಂಟು ನೆತ್ತಿ ಮೇಲೆ ಇರಲೇಬಾರದು, ಹೆಲ್ಮೆಟ್ ಸರಿಯಾಗಿ ಕೂರಲ್ಲ. ಕತ್ತಿನ ಬುಡದಲ್ಲಿ ಸಡಿಲ ಜುಟ್ಟು, ಒಳಗೊಂದು ನುಣುಪು ಬಟ್ಟೆ."

ತಲೆಸ್ನಾನದ ಮಾತು ಬೇಗ ಮುಗಿಯಿತು. ಸೀಗೆಕಾಯೋ ದಾಸವಾಳದ ಸೊಪ್ಪೋ ಶಾಂಪೂವೋ, ಯಾವುದಾದರೂ ಬುಡಕ್ಕೆ ಮಾತ್ರ. ಕಂಡಿಷನರ್ ತುದಿಗೆ ಮಾತ್ರ. ಕೊಬ್ಬರಿ ಎಣ್ಣೆ ಹಚ್ಚುವುದಾದರೆ ಸ್ನಾನಕ್ಕೆ ಮೊದಲು. ಟವೆಲಲ್ಲಿ ಗಸಗಸ ಉಜ್ಜದೆ ಹಳೇ ಬನಿಯನ್‌ನಲ್ಲಿ ಒತ್ತುವುದು. ಸಿಕ್ಕು ಬಿಡಿಸುವುದು ತುದಿಯಿಂದ ಶುರುವಾಗಿ ಮೇಲಕ್ಕೆ. ಬುಡದಿಂದ ಬಾಚಣಿಗೆ ಎಳೆದರೆ ಸಿಕ್ಕೆಲ್ಲ ಕೆಳಗೆ ಒಟ್ಟಾಗಿ ಗಂಟು.

"ಇನ್ನೊಂದು," ಅಂದ ಲೋಕಣ್ಣ ಏಳುತ್ತಾ. "ನನ್ನ ಹತ್ರ ಆದ್ರೆ ಸರಿ, ಬೇರೆ ಕಡೆ ಕೂತಾಗ 'ಸ್ವಲ್ಪ ತೆಗೀರಿ' ಅನ್ಬೇಡಿ. ನಮ್ಮ 'ಸ್ವಲ್ಪ' ನಾಲ್ಕು ಬೆರಳು. 'ಹಿಂದೆ ಅರ್ಧ ಇಂಚು, ಕತ್ತರಿಯಲ್ಲೇ. ಕಿವಿ ಮೇಲೆ ಬೇಡ, ಮಿಷಿನ್ ಬೇಡ, ಹಲ್ಲಿನ ಕತ್ತರಿ ಬೇಡ. ಕತ್ತಿನ ಕೆಳಗಿನ ತುಪ್ಪಟ ಮಾತ್ರ ಕ್ಲೀನ್ ಮಾಡಿ.' ಇಷ್ಟನ್ನೂ ಬಟ್ಟೆ ಹೊದಿಸೋಕೆ ಮುಂಚೆ ಹೇಳಿ, ಬೆರಳಲ್ಲಿ ಅಳತೆ ತೋರಿಸಿ. ಹೊದಿಸಿದ ಮೇಲೆ ನಿಮ್ಮ ಕೈಯೂ ಕಾಣಲ್ಲ, ನಮಗೆ ಮಾತೂ ಕೇಳಲ್ಲ."

ಚೇತು ಬೈತಲೆ ಒಂದು ಬೆರಳು ಸರಿಸಿ ಬೈಕಿನ ಕನ್ನಡಿಯಲ್ಲಿ ನೋಡಿಕೊಂಡ. ಬಲಗಡೆ ರೆಕ್ಕೆ ಮಡಚಿತು. ಎಡಗಡೆಯದು ಹಾಗೇ ಇತ್ತು.

"ಲೋಕಣ್ಣ, ಹಿಂದೆ ಮಾತ್ರ ಅಂದ್ರೆ ಅರ್ಧ ಚಾರ್ಜ್ ತಾನೆ?"

"ಅರ್ಧ ಕುರ್ಚಿಲಿ ಕೂತ್ಕೊತೀಯಾ?"