‘ಅವಶೇಷ’ಕ್ಕೆಲ್ಲ ಡೆಬ್ರಿಸ್ ಹಾಕಬಹುದಾ?

ಪ್ರಶ್ನೆ: ಮೇಡಂ, ನಮಸ್ತೆ. ಇಂಗ್ಲಿಷ್ ಸುದ್ದಿಯಲ್ಲಿ ‘ಡೆಬ್ರಿಸ್’ ಕಂಡಾಗಲೆಲ್ಲ ‘ಅವಶೇಷ’ ಅಂತ ಬರೆದು ಮುಗಿಸ್ತಿದ್ದೆ. ಈಗ ಕನ್ನಡದಿಂದ ಇಂಗ್ಲಿಷಿಗೆ ಅನುವಾದಿಸೋ ಕೆಲಸ ಬಂದಿದೆ. ‘ಅವಶೇಷ’ ಅಂತ ಇದ್ದಲ್ಲೆಲ್ಲ ಡೆಬ್ರಿಸ್ ಹಾಕಬಹುದಾ?

ಉತ್ತರ (ಇಂಗ್ಲಿಷ್ ಉಪನ್ಯಾಸಕಿ): ಬರೆಯುವಾಗ ಕೊನೆಗೆ ‘ಎಸ್’ ಇದ್ದರೂ ಓದುವಾಗ ‘ಡೆಬ್ರಿ’ ಅಷ್ಟೇ, ಫ್ರೆಂಚಿನಿಂದ ಬಂದ ಪದ. ಬಹುವಚನ ಇಲ್ಲ. ಎಣಿಸಲೇಬೇಕಿದ್ದರೆ ‘ಪೀಸಸ್ ಆಫ್ ಡೆಬ್ರಿ’ ಅನ್ನಿ.

ಎಲ್ಲ ಕಡೆ ಮಾತ್ರ ಹಾಕಬೇಡಿ. ಕನ್ನಡದ ‘ಅವಶೇಷ’ ಯಾವುದು ಮುರಿಯಿತು ಅಂತ ಕೇಳುವುದಿಲ್ಲ, ಇಂಗ್ಲಿಷ್ ಕೇಳುತ್ತೆ. 2000ದ ಜುಲೈ 25ರಂದು ಪ್ಯಾರಿಸ್ ಬಳಿ ನಡೆದ ಕಾಂಕಾರ್ಡ್ ವಿಮಾನದ ಅಪಘಾತ ನೋಡಿ. ರನ್‌ವೇ ಮೇಲೆ ಇನ್ನೊಂದು ವಿಮಾನದಿಂದ ಕಳಚಿ ಬಿದ್ದಿದ್ದ ಲೋಹದ ಪಟ್ಟಿ ಇತ್ತು. ಅದು ಡೆಬ್ರಿ. ಅದರ ಮೇಲೆ ಹರಿದು ಟೈರು ಸಿಡಿಯಿತು, ರಬ್ಬರ್ ತುಂಡು ಹೋಗಿ ಇಂಧನ ಟ್ಯಾಂಕ್ ಇದ್ದ ರೆಕ್ಕೆಗೆ ಬಡಿಯಿತು. ಆ ತುಂಡೂ ಡೆಬ್ರಿಯೇ. ಬೆಂಕಿ ಹೊತ್ತಿದ ವಿಮಾನ ಗೊನೆಸ್‌ನಲ್ಲಿ ಒಂದು ಹೋಟೆಲಿನ ಮೇಲೆ ಬಿತ್ತು. ವಿಮಾನದ ಮುರುಕು ದೇಹಕ್ಕೆ ‘ರೆಕೇಜ್’, ಕುಸಿದ ಹೋಟೆಲಿನ ಇಟ್ಟಿಗೆ, ಕಾಂಕ್ರೀಟು ರಾಶಿಗೆ ‘ರಬಲ್’. ಹಾಗಾಗಿ ಪತ್ರಿಕೆಗಳ ‘ಅವಶೇಷಗಳಡಿ ಸಿಲುಕಿದವರು’ ಕಟ್ಟಡ ಕುಸಿತದ ಸುದ್ದಿಯಲ್ಲಿದ್ದರೆ ರಬಲ್ ಹಾಕಿ. ಡೆಬ್ರಿ ಹಾಕಿದರೆ ತಪ್ಪೇನಿಲ್ಲ, ಆದರೆ ಸಪ್ಪೆ.

ಇನ್ನೊಬ್ಬ ಸದಸ್ಯರು: ಗಾಜಿನ ಚೂರಿಗೆ?

ಉತ್ತರ: ಚೂಪಾಗಿದ್ದರೆ ‘ಶಾರ್ಡ್’. ಮರದ ಸಿಬಿರು ‘ಸ್ಪ್ಲಿಂಟರ್’. ಉತ್ಖನನದಲ್ಲಿ ಸಿಗುವ ಮಡಕೆ ಬೋಕಿಯನ್ನು ಪುರಾತತ್ತ್ವದವರು ‘ಶರ್ಡ್’ ಅಂತ ಬರೀತಾರೆ. ಕಾಗುಣಿತ ಬೇರೆ, ನೋಡಿಕೊಳ್ಳಿ.

ಪ್ರಶ್ನೆ: ಅಂದರೆ ಮುರಿದಿರಲೇಬೇಕು, ಅಲ್ವಾ ಮೇಡಂ? ‘ಸ್ಪೇಸ್ ಡೆಬ್ರಿ’ ಅಂತಾರಲ್ಲ, ಅದೂ ಉಪಗ್ರಹದ ಚೂರೇನಾ?

ಉತ್ತರ: ಚೂರೂ ಹೌದು, ಇಡಿಯೂ ಹೌದು. 2009ರಲ್ಲಿ ಇರಿಡಿಯಂ 33 ಮತ್ತು ಕಾಸ್ಮೋಸ್ 2251 ಅನ್ನೋ ಉಪಗ್ರಹಗಳು ಡಿಕ್ಕಿ ಹೊಡೆದು ಪುಡಿಯಾದವು, ಆ ಚೂರುಗಳು ನೀವು ಹೇಳಿದ ಥರದವು. 1958ರಲ್ಲಿ ಹಾರಿಸಿದ ವ್ಯಾನ್‌ಗಾರ್ಡ್ 1 ಉಪಗ್ರಹ ಹಾಗಲ್ಲ. 1964ರಲ್ಲಿ ಸಂಕೇತ ಕಳಿಸೋದು ನಿಲ್ಲಿಸಿತು, ಇನ್ನೂ ಭೂಮಿಯನ್ನು ಸುತ್ತುತ್ತಲೇ ಇದೆ. ಅದನ್ನೂ ಡೆಬ್ರಿ ಲೆಕ್ಕಕ್ಕೇ ಸೇರಿಸ್ತಾರೆ. ಅಲ್ಲಿ ಕೆಲಸಕ್ಕೆ ಬಾರದೆ ಸುತ್ತುತ್ತಿದ್ದರೆ ಸಾಕು, ಮುರಿಯಬೇಕಾಗಿಲ್ಲ. ಇಂಥ ಕಡೆ ‘ಅವಶೇಷ’ ಬಿಟ್ಟು ‘ಬಾಹ್ಯಾಕಾಶ ತ್ಯಾಜ್ಯ’ ಅಂತ ಬರೆಯಿರಿ.