ಪುಟ್ಟೀ, ಆ ಕಂದು ನೀರು ಚೆಲ್ಲಬೇಡ

ಪುಟ್ಟೀ, ಈಗ ನೋಡ್ದೆ ಕಣೇ ನಿನ್ನ ಮೆಸೇಜು. ತೊಟ್ಟಿಯ ಗಂಡು ಬೆಟ್ಟಾ ಮೀನು ನಾಲ್ಕು ದಿನದಿಂದ ಏನೂ ತಿಂತಿಲ್ಲ, ಎಲೆ ಕೆಳಗೇ ಅವಿತ್ಕೊಂಡಿದೆ, ನೀರೂ ಕಂದು ತಿರುಗಿದೆ, ಎಲ್ಲ ತೆಗೆದು ಹೊಸದು ತುಂಬ್ಲಾ ಅಂತ ಕೇಳಿದೀಯ. ಬೇಡ! ಮೊದಲು ಆ ಬಕೆಟ್ ಕೆಳಗಿಡು.

ಅದು ಅಂಗಡಿ ಬಾಟಲಿಯ ಉದ್ದ ಬಾಲದ ಮೀನಲ್ಲ. ಬೋರ್ನಿಯೋ ಕಾಡಿನ ತೊರೆಯಲ್ಲಿ ಹಿಡಿದ ಆಲ್ಬಿಮಾರ್ಜಿನಾಟಾ ಅನ್ನೋ ಬೆಟ್ಟಾ ಜಾತಿ. ಕಂದು ಬಣ್ಣ ಕಾಡುಬಾದಾಮಿ ಎಲೆ ಬಿಟ್ಟಿರೋ ಟ್ಯಾನಿನ್ನು, ಅಂದ್ರೆ ಟೀ ಡಿಕಾಕ್ಷನ್‌ನಲ್ಲಿರೋ ಥರದ ಒಗರು, ಕೊಳೆ ಅಲ್ಲ.

ನಿಮ್ಮ ಚಿಕ್ಕಪ್ಪ ಮಾಡಿದ್ದು ಗೊತ್ತಲ್ಲ? ನಾನು ಮನೇಲಿಲ್ಲದಾಗ ಬಂದು, ಇದೇನು ಚರಂಡಿ ನೀರು ಅಂತ ಮುಕ್ಕಾಲು ತೊಟ್ಟಿ ಖಾಲಿ ಮಾಡಿ, ಎಲೆಯೆಲ್ಲ ಬಿಸಾಕಿ, ನಲ್ಲಿಯಿಂದ ನೇರ ತುಂಬಿಸಿದ್ರು. ಫಿಲ್ಟರ್ ಸ್ಪಾಂಜನ್ನೂ ಉಜ್ಜಿ ತೊಳೆದಿದ್ರು! ಪಿಎಚ್ (ನೀರಿನ ಹುಳಿ ಅಳತೆ, ಕಡಿಮೆ ಇದ್ದಷ್ಟೂ ಹುಳಿ) 5ರ ಹತ್ತಿರ ಇದ್ದ ನೀರು ಒಂದೇ ಏಟಿಗೆ 8ರ ಹತ್ತಿರ ಹೋಯ್ತು. ಕ್ಲೋರಿನ್ ಬೇರೆ. ಮೀನಿನ ಗಲೀಜು ಹುಳಿ ನೀರಲ್ಲಿ ಅಷ್ಟೇನೂ ತೊಂದರೆ ಕೊಡದ ಅಮೋನಿಯಂ ಆಗಿ ತೆಪ್ಪಗಿರೋದು, ಪಿಎಚ್ ಏರಿದ್ರೆ ಅಮೋನಿಯಾ ಆಗಿ ಕಿವಿರು ಸುಡುತ್ತೆ. ನಾನು ಬರೋ ಹೊತ್ತಿಗೆ ಗಾಜು ಪಳಪಳ, ನನ್ನ ಮೀನಿನ ಜೋಡಿ ಎರಡೂ ಸತ್ತಿದ್ವು. ಅದಕ್ಕೇ ಇನ್ನೊಂದ್ಸಲ ಹೇಳ್ತೀನಿ, ಪೂರ್ತಿ ನೀರು ತೆಗೀಬೇಡ.

ಆಮೇಲೆ ಒಂದು ಮಾತಾದ್ರೂ ಬೇಜಾರು ಮಾಡ್ಕೊಂಡ್ರಾ? “ಬಿಡಿ ಅತ್ತಿಗೆ, ಇನ್ನೊಂದು ಜೊತೆ ತಂದ್ರಾಯ್ತು” ಅಂದ್ರು. ನನ್ನ ತೊಟ್ಟಿ ಅಂದ್ರೆ ಈ ಮನೇಲಿ ಎಲ್ಲರಿಗೂ ಸಸಾರ. ಅವರ ಬೈಕನ್ನ ನಾನು ಯಾವತ್ತಾದ್ರೂ ಮುಟ್ಟಿದೀನಾ? ಗ್ರೂಪಲ್ಲೇ ಇದಾರೆ, ಕೇಳಿಸ್ಕೊಳ್ಳಲಿ.

ಹಾಂ, ನೀನು ಕೇಳಿದ್ದು ಊಟದ ವಿಷಯ ಅಲ್ವಾ. ಗಂಟಲು ಉಬ್ಬಿದೆಯಾ ನೋಡು. ಉಬ್ಬಿದ್ರೆ ಬಾಯಲ್ಲಿ ಮೊಟ್ಟೆ ಇರಬಹುದು. ಈ ಜಾತೀಲಿ ಗಂಡೇ ಎರಡು ವಾರದಷ್ಟು ಬಾಯಲ್ಲಿಟ್ಕೊಂಡು ಮರಿ ಮಾಡೋದು, ಅಲ್ಲೀವರೆಗೆ ತಿನ್ನಲ್ಲ. ಗಾಬರಿಯಾದ್ರೆ ನುಂಗಿಬಿಡುತ್ತೆ, ಲೈಟ್ ಕಡಿಮೆ ಮಾಡಿ ಸುಮ್ನಿರು. ಉಬ್ಬಿಲ್ಲ ಅಂದ್ರೆ, ನೀನು ಹಾಕೋ ಅಂಗಡಿಯ ಒಣ ಮೀನಾಹಾರದ ಕಾಳು ಊಟ ಅಂತ ಅದಕ್ಕೆ ಗೊತ್ತೇ ಇರಲ್ಲ. ನೀರಲ್ಲಿ ಈಜೋ ಪುಟಾಣಿ ಜೀವಿಗಳು, ಜೀವಂತ ಡಾಫ್ನಿಯಾನೋ ಆರ್ಟೀಮಿಯಾ ಮರೀನೋ ಹಾಕು, ಅಲ್ಲಾಡೋದು ಕಂಡ್ರೆ ತಾನೇ ಬರುತ್ತೆ. ಮಿಕ್ಕಿದ್ದು ತೆಗೆದುಬಿಡು. ನೀರು ಬದಲಾಯಿಸೋದಿದ್ರೆ ವಾರಕ್ಕೆ ಹತ್ತರಲ್ಲಿ ಒಂದು ಭಾಗ ಸಾಕು, ಕ್ಲೋರಿನ್ ತೆಗೆದು, ಪಿಎಚ್ ಹೊಂದಿಸಿ, ನಿಧಾನಕ್ಕೆ ಸುರಿ. ಮುಚ್ಚಳ ಹಾಕಿದೀಯ ತಾನೇ? ಪೈಪ್ ಹೋಗೋ ಸಂದಿಗೂ ಸ್ಪಾಂಜ್ ತುರುಕು, ಅಷ್ಟು ಜಾಗ ಸಿಕ್ಕಿದ್ರೂ ಹಾರ್ಬಿಡುತ್ತೆ.